ಹಕ್ಕುಗಳ ಹಿಂದಿನ ಮೊಕದ್ದಮೆಗಳು

ಮಾನ್ಯ ಸಂಪಾದಕರೇ,

ವ್ಯಕ್ತಿಯ ಹಕ್ಕುಗಳನ್ನು ಸಂವಿಧಾನಗಳು 'ಕೊಟ್ಟಿವೆ' ಎಂದು ಬರೆಯುವುದು ರೂಢಿಯಾಗಿದೆ. ಆ ಹಕ್ಕುಗಳು ಹುಟ್ಟಿದ ಬಗೆಯನ್ನು ನೋಡಿದರೆ ಈ ಮಾತು ನನಗೆ ಸರಿಯೆನಿಸುವುದಿಲ್ಲ. ಅವುಗಳಲ್ಲಿ ಎಷ್ಟೋ, ಯಾರೋ ಒಬ್ಬರಿಗೆ ಆದ ಅನ್ಯಾಯ ಮರುಕಳಿಸಬಾರದೆಂದು ಆಳುವವರಿಂದ ಬರೆಸಿಕೊಂಡ ಕಟ್ಟಳೆಗಳು.

ಎಲ್ಲರೂ 1215ರ ಮ್ಯಾಗ್ನಾ ಕಾರ್ಟಾದಿಂದಲೇ ಕಥೆ ಆರಂಭಿಸುತ್ತಾರೆ. ಆದರೆ ಅದು ಇಂಗ್ಲೆಂಡಿನ ಸಾಮಂತರು ಜಾನ್ ದೊರೆಯಿಂದ ಮುಖ್ಯವಾಗಿ ತಮ್ಮ ಹಿತಕ್ಕಾಗಿ ಪಡೆದ ಸನದು; ಸ್ವತಂತ್ರ ಮನುಷ್ಯನನ್ನು ಕಾನೂನು ಮೀರಿ ಸೆರೆಹಿಡಿಯಬಾರದೆಂಬ ಅದರ ಮಾತಿನಲ್ಲಿ, ಒಡೆಯರ ಭೂಮಿಗೆ ಕಟ್ಟುಬಿದ್ದಿದ್ದ ಜೀತದ ರೈತರಿಗೆ ಜಾಗವಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಪೋಪ್ ಮೂರನೆಯ ಇನ್ನೊಸೆಂಟ್ ಅದನ್ನು ರದ್ದುಪಡಿಸಿದರು, ಮುಂದೆ ಅದು ತಿದ್ದುಪಡಿಗಳೊಡನೆ ಮತ್ತೆ ಜಾರಿಗೆ ಬಂತು.

ಆ ಸನದಿಗೆ ಹೊಸ ಜೀವ ಬಂದದ್ದು ನಾಲ್ಕು ಶತಮಾನಗಳ ಮೇಲೆ. ಒಂದನೆಯ ಚಾರ್ಲ್ಸ್ ಸಂಸತ್ತಿನ ಒಪ್ಪಿಗೆಯಿಲ್ಲದೆ ಒತ್ತಾಯದಿಂದ ಎತ್ತುತ್ತಿದ್ದ 'ಸಾಲ'ವನ್ನು ಕೊಡಲೊಪ್ಪದ ಐವರು ನೈಟ್‌ಗಳು, ತಮ್ಮ ಬಂಧನಕ್ಕೆ ಕಾರಣವೇನೆಂದು 1627ರಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ದೊರೆಯ ವಿಶೇಷ ಆಜ್ಞೆ ಎಂಬುದೊಂದೇ ಉತ್ತರವಾಗಿತ್ತು; ನ್ಯಾಯಮೂರ್ತಿಗಳು ಜಾಮೀನು ನೀಡಲಿಲ್ಲ. ಮರುವರ್ಷವೇ ಕಾನೂನು ಪಂಡಿತ, ಸಂಸತ್ ಸದಸ್ಯ ಎಡ್ವರ್ಡ್ ಕೋಕ್ ಮೊದಲಾದವರು ಮ್ಯಾಗ್ನಾ ಕಾರ್ಟಾವನ್ನು ಎತ್ತಿ ಹಿಡಿದು, ಕಾರಣ ತಿಳಿಸದ ಬಂಧನ ಕೂಡದೆಂಬ 'ಹಕ್ಕಿನ ಅರ್ಜಿ'ಗೆ (ಪಿಟಿಷನ್ ಆಫ್ ರೈಟ್) ದೊರೆಯ ಒಪ್ಪಿಗೆ ಪಡೆದರು. ಬಂಧಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಹೇಬಿಯಸ್ ಕಾರ್ಪಸ್ ವ್ಯವಸ್ಥೆಯನ್ನು 1679ರ ಕಾಯ್ದೆ ಬಿಗಿಗೊಳಿಸಿತು.

ಮನೆ ಶೋಧನೆಯದೂ ಇಂಥದೇ ಕಥೆ. 1762ರಲ್ಲಿ ಇಂಗ್ಲೆಂಡಿನ ಸರ್ಕಾರದ ದೂತರು ಜಾನ್ ಎಂಟಿಕ್ ಎಂಬ ಲೇಖಕನ ಮನೆಗೆ ನುಗ್ಗಿ, ಗಂಟೆಗಟ್ಟಲೆ ಜಾಲಾಡಿ, ಕಾಗದಪತ್ರಗಳನ್ನು ಹೊತ್ತೊಯ್ದರು. ಅಂಥ ಅಧಿಕಾರಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲವೆಂದು 1765ರಲ್ಲಿ ಲಾರ್ಡ್ ಕ್ಯಾಮ್ಡನ್ ತೀರ್ಪಿತ್ತರು. ಸಕಾರಣವಿಲ್ಲದ ಶೋಧನೆ, ಜಪ್ತಿಗಳನ್ನು ತಡೆಯುವ ಅಮೆರಿಕ ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಬೇರು ಇಲ್ಲಿಯೂ, ಬಾಸ್ಟನ್ನಿನ ವರ್ತಕರು ಸುಂಕದ ಅಧಿಕಾರಿಗಳ ಮಿತಿಯಿಲ್ಲದ ಶೋಧನಾ ಆದೇಶಗಳ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿಯೂ ಇದೆ.

1787ರ ಮೂಲ ಅಮೆರಿಕ ಸಂವಿಧಾನದಲ್ಲಿ ಹಕ್ಕುಗಳ ಪ್ರತ್ಯೇಕ ಪಟ್ಟಿಯೇ ಇರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಅದಕ್ಕಾಗಿಯೇ, ಸಂವಿಧಾನ ರಚನಾ ಸಭೆಯಲ್ಲಿ ವರ್ಜೀನಿಯಾದ ಪ್ರತಿನಿಧಿಯಾಗಿದ್ದ ಜಾರ್ಜ್ ಮೇಸನ್ ಸಹಿ ಹಾಕಲು ನಿರಾಕರಿಸಿದವರಲ್ಲಿ ಒಬ್ಬರಾದರು. ರಾಜ್ಯಗಳ ಒತ್ತಡದ ನಂತರ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು; ಗುಲಾಮರಿಗೆ ಅವುಗಳ ರಕ್ಷಣೆ ದೊರೆಯಲಿಲ್ಲ. ಈ ಹಕ್ಕುಗಳು ಕೇಂದ್ರ ಸರ್ಕಾರವನ್ನಷ್ಟೇ ಬಂಧಿಸುತ್ತವೆ, ರಾಜ್ಯಗಳನ್ನಲ್ಲ ಎಂದು 1833ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆ ಕೊರತೆ ನೀಗಲು ಅಂತರ್ಯುದ್ಧವೂ, 1868ರ ಹದಿನಾಲ್ಕನೆಯ ತಿದ್ದುಪಡಿಯೂ, ಅದರ ಮೇಲೆ ದಶಕಗಳ ವ್ಯಾಜ್ಯಗಳೂ ಬೇಕಾದವು.

ಹಕ್ಕುಗಳ ಬಗ್ಗೆ ಲೇಖನ ಪ್ರಕಟಿಸುವಾಗ ವಿಧಿಯ ಸಂಖ್ಯೆಯ ಜೊತೆಗೆ, ಅದಕ್ಕೆ ಕಾರಣವಾದ ಮೊಕದ್ದಮೆಯನ್ನೂ ಬಂಧಿಯ ಹೆಸರನ್ನೂ ಒಂದೆರಡು ಸಾಲಿನಲ್ಲಾದರೂ ಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ