ಅದು ತಪ್ಪಿದ ತಾಳವಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ನೃತ್ಯ ವಿಮರ್ಶೆ ಓದಿದೆ. ‘ಎಂಟು ಜನರಲ್ಲಿ ಇಬ್ಬರ ಹೆಜ್ಜೆಯೂ ಒಟ್ಟಿಗೆ ಬೀಳಲಿಲ್ಲ, ಅಭ್ಯಾಸ ಸಾಲದು’ ಎಂದು ಬರೆದಿದ್ದಾರೆ. ಆ ಸಂಜೆ ನಾನೂ ಅಲ್ಲಿದ್ದೆ. ಹೆಜ್ಜೆಗಳು ಬೇರೆ ಬೇರೆ ಬಿದ್ದದ್ದು ನಿಜ. ಆದರೆ ಆ ಸಂಗೀತ ಇರುವುದೇ ಹಾಗೆ.

ಅವರು ಕುಣಿದದ್ದು ಇಂಗ್ಲೆಂಡಿನ ಸಂಗೀತ ರಚನೆಕಾರ ಥಾಮಸ್ ಟಾಲಿಸ್‌ನ ‘ಸ್ಪೆಮ್ ಇನ್ ಆಲಿಯಮ್’ ಎಂಬ ಲ್ಯಾಟಿನ್ ಪ್ರಾರ್ಥನಾ ಗೀತೆಗೆ. ಸುಮಾರು 1570ರ ರಚನೆ. ಒಟ್ಟು 40 ದನಿ, ಒಂದೊಂದಕ್ಕೂ ತನ್ನದೇ ಸಾಲು. ಐದೈದು ದನಿಯ ಎಂಟು ಗುಂಪು. ಮೊದಲ ಗುಂಪಿನಲ್ಲಿ ಒಂದು ದನಿ ಏಳುತ್ತದೆ, ಅದನ್ನೇ ಇನ್ನೊಂದು ಎತ್ತಿಕೊಳ್ಳುತ್ತದೆ. ಹೀಗೆ ಗುಂಪಿನಿಂದ ಗುಂಪಿಗೆ ದಾಟುತ್ತಾ ಹಾಡು ಎಂಟನೆಯದನ್ನು ಮುಟ್ಟುತ್ತದೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್ಸು ಬರುತ್ತದೆ. ವೇದಿಕೆಯ ಮೇಲಿದ್ದದ್ದೂ ಎಂಟೇ ಜನ, ಒಬ್ಬೊಬ್ಬರಿಗೆ ಒಂದೊಂದು ಗುಂಪು. ಮೊದಲನೆಯವಳು ಭುಜ ತಿರುಗಿಸಿ ಕೈ ಇಳಿಸುತ್ತಾಳೆ. ಪಕ್ಕದವನು ಅದನ್ನೇ ಮಾಡುವ ಹೊತ್ತಿಗೆ ಅವಳು ಇನ್ನೆಲ್ಲೋ ಇರುತ್ತಾಳೆ. ಕವಾಯತಿನ ಹಾಗೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುವುದಾದರೆ 40 ದನಿ ಯಾಕೆ ಬೇಕಿತ್ತು, ಅಲ್ವಾ?

ನಾನು ಹನ್ನೆರಡು ವರ್ಷ ಗಾಯನ ತಂಡವೊಂದರಲ್ಲಿ ಆಲ್ಟೊ, ಅಂದರೆ ಹೆಂಗಸರ ತಗ್ಗಿನ ದನಿ, ಹಾಡಿದವಳು. (ಟಾಲಿಸ್‌ನ ಈ ಹಾಡಿನ ಗೋಜಿಗೆ ನಾವು ಹೋಗಲಿಲ್ಲ. ಅಷ್ಟು ಜನರೇ ಇರಲಿಲ್ಲ.) ಆ ಕಾಲದ ಗಾಯಕರ ಪುಸ್ತಕಗಳಲ್ಲಿ ತಾಳವನ್ನು ಭಾಗ ಮಾಡಿ ತೋರಿಸುವ ಗೆರೆಗಳೇ ಇರುತ್ತಿರಲಿಲ್ಲ. ಕೈ ಕೆಳಗಿಳಿದು ಮೇಲೇಳುವುದೇ ಲೆಕ್ಕ. ಅದನ್ನು ನಾಡಿಬಡಿತಕ್ಕೆ ಹೋಲಿಸುತ್ತಿದ್ದರು. ಈಗಿನ ಅಚ್ಚಿನಲ್ಲಿ ಗೆರೆ ಹಾಕಿರುತ್ತಾರೆ. ನಾನು ಮೊದಮೊದಲು ಅದನ್ನು ನೋಡಿಕೊಂಡು ಪ್ರತಿ ಮೊದಲ ಎಣಿಕೆಗೂ ಒತ್ತು ಕೊಟ್ಟು ಜಾಸ್ತಿ ಬೈಸಿಕೊಂಡಿದ್ದೇನೆ. ಒತ್ತು ಇರುವುದು ಪದದಲ್ಲಿ, ಗೆರೆಯಲ್ಲಲ್ಲ. ಪಕ್ಕದ ದನಿ ಒತ್ತಿ ಹೇಳುವ ಕಡೆ ನನ್ನದು ಸುಮ್ನೆ ಜಾರಿ ಹೋಗಬೇಕು. ಆ ಎಂಟು ಜನರೂ ಹಾಗೆಯೇ ಎಣಿಕೆ ಬಿಟ್ಟು ಉಸಿರಿನ ಹಿಂದೆ ಹೋದರು. ಇದಕ್ಕೆ ಅಭ್ಯಾಸ ಕಮ್ಮಿ ಸಾಲುವುದಿಲ್ಲ, ಹೆಚ್ಚೇ ಬೇಕು.

ಕೊನೆಯ ಹತ್ತಿರ ‘ರೆಸ್ಪಿಚೆ’ ಎಂಬ ಪದ ಬರುತ್ತದೆ. ‘ನಮ್ಮ ದೈನ್ಯವನ್ನು ನೋಡು’ ಎಂದು ದೇವರನ್ನು ಕೇಳುವ ಜಾಗ. ಅದಕ್ಕೆ ಮೊದಲು ಅಷ್ಟೂ ದನಿ ಗಕ್ಕನೆ ನಿಲ್ಲುತ್ತವೆ. ಒಂದು ಉಸಿರಿನಷ್ಟು ಮೌನ. ನನ್ನ ಪಕ್ಕದವರು ಮುಗಿಯಿತೆಂದು ಚಪ್ಪಾಳೆಗೆ ಕೈ ಎತ್ತಿ ಹಾಗೇ ಮಡಿಲಿಗೆ ಇಳಿಸಿಕೊಂಡರು. ನಲವತ್ತೂ ದನಿ ಮತ್ತೆ ಒಟ್ಟಿಗೆ ಎದ್ದಾಗ ಎಂಟೂ ಜನ ಒಂದೇ ಗಳಿಗೆಯಲ್ಲಿ ಮೊಣಕಾಲು ಮಡಿಸಿದರು. ಅದುವರೆಗೆ ಬೇರೆ ಬೇರೆ ಇದ್ದದ್ದು ಇದಕ್ಕಾಗಿಯೇ. ವಿಮರ್ಶೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

‘ಹಿನ್ನೆಲೆಯ ವಾದ್ಯಗಳು ಹಿತವಾಗಿದ್ದವು’ ಎಂದೂ ಬರೆದಿದ್ದಾರೆ. ಆ ಧ್ವನಿಮುದ್ರಿಕೆಯಲ್ಲಿ ವಾದ್ಯ ಒಂದೂ ಇರಲಿಲ್ಲ, ಬರೀ ಗಂಟಲು. ಬೆಳಕು ತೀರಾ ಕಡಿಮೆ ಎಂಬ ದೂರಿಗೆ ಮಾತ್ರ ನನ್ನದೂ ಸಹಿ. ಹಾಡಿನ ಅರ್ಥವನ್ನಾದರೂ ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತು.

ವಿಮರ್ಶಕರು ಎರಡನೇ ಸಾಲಿನಲ್ಲಿ ಕೂತಿದ್ದರಂತೆ. ಅಲ್ಲಿಂದ ಎದುರಿಗಿರುವ ಇಬ್ಬರು ಮೂವರಷ್ಟೇ ಕಾಣುತ್ತಾರೆ. ನಾನಿದ್ದದ್ದು ಬಾಲ್ಕನಿಯಲ್ಲಿ. ಒಂದು ತುದಿಯಲ್ಲಿ ಎದ್ದ ಚಲನೆ ಇನ್ನೊಂದು ತುದಿಗೆ ಹೋಗಿ ಮರಳಿದ್ದು ಪೂರ್ತಿ ಕಂಡಿತು. ಮುಂದಿನ ಸಲ ಅವರಿಗೂ ಮೇಲಿನ ಟಿಕೆಟ್ಟೇ ಕೊಡಿಸಿ. ಅಗ್ಗವೂ ಹೌದು.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು