ಹೆಸರು ಕೇಳಲು ಮರೆತ ಹಿರಿಯರಿಗೆ

ಕಳೆದ ಭಾನುವಾರ ಮುಂಬೈನ ಮಾಟುಂಗಾದ ಭಾವಗೀತೆ ಕಾರ್ಯಕ್ರಮಕ್ಕೆ ಅರ್ಧ ಗಂಟೆಯಿದ್ದಾಗ ವೇದಿಕೆ ಹತ್ತಿ ಬಂದಿರಲ್ಲ, ನಿಮಗೆ ಧನ್ಯವಾದ. ನನ್ನ ಕೀಬೋರ್ಡ್‌ನ 88 ಕೀಲಿಗಳು ಪಿಯಾನೊದವುಗಳಷ್ಟೇ ಭಾರವಾಗಿ ಬೆರಳಿಗೆ ಹಿತವಾಗಿವೆ. ನಾದ ಮಾತ್ರ ತಗಡು ಬಡಿದಂತೆ. ವಿದ್ಯುತ್ತಿನಿಂದ ನಾದ ಹುಟ್ಟಿಸುವ ಗೆಳೆಯನ ಸಿಂಥಸೈಜರ್‌ನದು ಸೊಗಸಾದ ಪಿಯಾನೊ ನಾದ, ಆದರೆ ಕೀಲಿಗಳು ಆಟಿಕೆಯವು. ನನ್ನ ಕೀಲಿ ಒತ್ತಿ ಅದರ ನಾದ ಕೇಳಿಸಲೆಂದು, ವಾದ್ಯಗಳನ್ನು ಬೆಸೆಯುವ ಮಿಡಿ ಕೇಬಲ್‌ನಿಂದ ಎರಡನ್ನೂ ಜೋಡಿಸಿದರೂ ಅದೇ ತಗಡಿನ ಸದ್ದು! ನೀವು ಕನ್ನಡಕ ಹಣೆಗೇರಿಸಿ, ಹಿಂದೆ ಬಗ್ಗಿ ನೋಡಿ ನಕ್ಕಿರಿ: “ಮಾರಾಯರೇ, ಈ ಕೇಬಲ್‌ನಲ್ಲಿ ಸದ್ದು ಹರಿಯುವುದಿಲ್ಲ. ಯಾವ ಕೀಲಿ, ಎಷ್ಟು ರಭಸ ಎಂಬ ಸುದ್ದಿ ಮಾತ್ರ. ಸ್ಪೀಕರ್ ತಂತಿಯನ್ನು ಆ ಸಿಂಥಸೈಜರ್‌ಗೆ ಚುಚ್ಚಿ.” ನನ್ನದರ ಔಟ್‌ನಿಂದ ಅದರ ಇನ್‌ಗೆ ಕೇಬಲ್, ಎರಡಕ್ಕೂ ಒಂದೇ ಚಾನೆಲ್ (ಸುದ್ದಿ ಸಾಗುವ ದಾರಿಯ ಸಂಖ್ಯೆ), ಅಷ್ಟೇ. ಮೊದಲ ಸ್ವರಕ್ಕೇ ತಬಲಾದವನು ತಲೆಯೆತ್ತಿದ. ನಾನು ತಿರುಗುವಷ್ಟರಲ್ಲಿ ನೀವು ಚಹಾದ ಸಾಲಿನಲ್ಲೂ ಇರಲಿಲ್ಲ.