ಡೋಜರಿನ ಎತ್ತಿದ ಬ್ಲೇಡ್ ಈಗ ಇಳಿಯದೆ ನಿಲ್ಲುತ್ತಿದೆ, ಯಜಮಾನರೇ

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಾನು ಡೋಜರಿನ ಬ್ಲೇಡ್ ಎತ್ತುವ ಸಿಲಿಂಡರಿಗೆ ಸೀಲ್ ಕಿಟ್ (ಎಣ್ಣೆ ಸೋರದಂತೆ ತಡೆಯುವ ರಿಂಗುಗಳು) ಕೇಳುತ್ತಿದ್ದಾಗ "ಯಾವ ಸಿಲಿಂಡರ್ ಅಂತ ನೋಡಿದ್ದೀರಾ?" ಎಂದಿರಲ್ಲ, ಆ ಹಿರಿಯರಿಗೆ ಈ ಬರಹ. ಹೆಸರೂ ಹೇಳದೆ ಹೋದಿರಿ.

ನಮ್ಮದು ಬಿಇಎಂಎಲ್‌ನ ಹಳೆಯ ಡಿ-50 ಡೋಜರ್, ಮುಂದಿನ ಬ್ಲೇಡಿನಿಂದ ಮಣ್ಣು ತಳ್ಳುವ ಚೈನ್ ಗಾಡಿ. ಜಪಾನಿನ ಕೊಮಾಟ್ಸು ಕಂಪನಿಯ ವಿನ್ಯಾಸ, ಗಟ್ಟಿ ಗಾಡಿ. ಆದರೆ ವಯಸ್ಸಾಗಿ, ಎತ್ತಿದ ಬ್ಲೇಡ್ ತಾನಾಗಿ ಇಳಿಯುತ್ತಿತ್ತು. ನೀವು ಹೇಳಿದಂತೆ ಬ್ಲೇಡನ್ನು ಪೂರ್ತಿ ಎತ್ತಿ, ಕೆಳಗೆ ದಿಮ್ಮಿ ಕೊಟ್ಟು, ಒತ್ತಡ ಇಳಿಸಿ, ಎರಡೂ ಸಿಲಿಂಡರುಗಳ ಮೇಲಿನ ಹೋಸ್ (ಎಣ್ಣೆ ಪೈಪ್) ಬಿಚ್ಚಿದೆವು. ಲಿವರನ್ನು ಮತ್ತೆ ಎತ್ತುವ ಕಡೆಗೆ ಹಿಡಿದಾಗ ಒಂದು ಸಿಲಿಂಡರಿನಿಂದ ಹನಿಯೂ ಇಲ್ಲ, ಇನ್ನೊಂದರಿಂದ ಎಣ್ಣೆ ಧಾರೆ! ಒಳಗಿನ ಸೀಲ್ ಹೋಗಿದ್ದು ಅದರದ್ದೇ. ಅದರ ರಾಡ್ ಮೇಲೆ ಉಗುರು ಎಳೆದರೆ ಗೀರು ಸಿಗುತ್ತಿತ್ತು. ರಾಡಿಗೆ ಹಾರ್ಡ್ ಕ್ರೋಮ್ ಲೇಪ ಮಾಡಿಸದೆ ಹಾಕಿದ್ದರೆ ಹೊಸ ಸೀಲೂ ಹರಿದುಹೋಗುತ್ತಿತ್ತು, ಅಲ್ವಾ?

ಅದಕ್ಕಿಂತ ದೊಡ್ಡ ಉಪಕಾರ, ಚೈನ್ ಬಗ್ಗೆ ನೀವಾಗಿಯೇ ಹೇಳಿದ ಮಾತು. ಚೈನ್ ಸಡಿಲಿಸುವಾಗ, ಅದನ್ನು ಬಿಗಿ ಹಿಡಿದಿರುವ ಗ್ರೀಸನ್ನು ಹೊರಬಿಡುವ ವಾಲ್ವನ್ನು ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಎದುರಿಗೂ ನಿಲ್ಲಬೇಡಿ ಎಂದಿರಿ. ಒಳಗಿನ ಒತ್ತಡಕ್ಕೆ ವಾಲ್ವೇ ಸಿಡಿಯಬಹುದು. ಆ ವಾಲ್ವಿಗೆ ಸ್ಪ್ಯಾನರ್ ಹಿಡಿದಿದ್ದವನು ನನ್ನ ತಮ್ಮ.

ತುಂಬಾ ಉಪಕಾರವಾಯಿತು ಸರ್. ಇದನ್ನು ಓದಿದರೆ ಒಂದು ಮಾತು ತಿಳಿಸಿ. ಮನೆಗೆ ಊಟಕ್ಕೆ ಬರಲೇಬೇಕು.